ಗುಂಡುಕಲ್ಲು ಬಾವಿಗೆ ಬಿದ್ದದ್ದು

ಬೆಳಗ್ಗೆ ಸರಿಯಾಗಿ ಎಂಟು ಗಂಟೆ. ಅಷ್ಟು ಖಂಡಿತವಾಗಿ ಹೇಗೆ ಹೇಳುತ್ತೀಯಮ್ಮ ಎಂದು ನೀವು ಕೇಳಬಹುದು. ನನ್ನ ಕೈಯಲ್ಲಿ ಗಡಿಯಾರವಿರಲಿಲ್ಲ. ಮದುವೆಯಲ್ಲಿ ಕೊಟ್ಟ ಗಡಿಯಾರವನ್ನು ಹೊಸ ಮನೆಯ ಗೋಡೆಗೆ ನೀರು ಹಾಕುವ ಕೆಲಸಕ್ಕೆ ಯಾರೂ ಕಟ್ಟಿಕೊಂಡು ಹೋಗುವುದಿಲ್ಲ. ಆದರೆ ಆಗ ಫ್ಯಾಕ್ಟರಿಯ ಎಂಟರ ಸೈರನ್ ಕೂಗುತ್ತಿತ್ತು. ಅದು ಏರಿ, ಒಂದು ಕ್ಷಣ ಮೇಲೆಯೇ ನಿಂತು, ಇಳಿಯಲು ಶುರುವಾದಾಗ ನನ್ನ ಎದುರಿಗೆ, ಬಾವಿಯ ಹಲಗೆಯ ಮೇಲೆ, ಹಿತ್ತಾಳೆ ಕೊಡ ಹಿಡಿದು ನಮ್ಮತ್ತೆ ನಿಂತಿದ್ದರು. ಅದು ಪೂರ್ತಿ ಇಳಿದು ಸುಮ್ಮನಾದಾಗ ಅತ್ತೆ ಇರಲಿಲ್ಲ. ಹಲಗೆಯೂ ಇರಲಿಲ್ಲ.

ಈಗಲೂ ಎಂಟರ ಸೈರನ್ ಕೇಳಿದರೆ ಹತ್ತಿರ ಏನು ಸಿಕ್ಕುತ್ತದೋ ಅದನ್ನು ಗಟ್ಟಿಯಾಗಿ ಹಿಡಿದುಕೊಂಡುಬಿಡುತ್ತೇನೆ. ಮೊನ್ನೆ ಸಿಕ್ಕಿದ್ದು ಪಕ್ಕದ ಮನೆಯ ಪದ್ಮಮ್ಮನವರ ಮೊಣಕೈ. ಪಾಪ, ಅವರು ಸಾರಿನಪುಡಿ ಕೇಳಲು ಲೋಟ ಹಿಡಿದು ಬಂದಿದ್ದರು.

"ಏನ್ರೀ ವಿಮಲಾ, ಪುಡಿ ಇಲ್ಲ ಅಂದ್ರೆ ಇಲ್ಲ ಅಂದ್ಬಿಡಿ. ಕೈ ಯಾಕ್ರೀ ಮುರೀತೀರಾ?" ಎಂದರು.

ಅಲ್ಲೇ ಇರುವುದು ಕಷ್ಟ. ನಮ್ಮ ಮನೆಯಲ್ಲಿ "ಇಲ್ಲ" ಅನ್ನುವ ಹಾಗಿರಲಿಲ್ಲ. ಬಾವಿಯ ವಿಷಯಕ್ಕೆ ಬರುವ ಮೊದಲು ಇದನ್ನು ಹೇಳದಿದ್ದರೆ ನಿಮಗೆ ಮುಂದಿನದು ಅರ್ಥವಾಗುವುದಿಲ್ಲ. ಬಾವಿ ಎಲ್ಲಿಗೂ ಹೋಗುವುದಿಲ್ಲ, ಅಲ್ಲೇ ಇರುತ್ತದೆ.

ನಾನು ಹುಟ್ಟಿ ಬೆಳೆದದ್ದು ಚನ್ನಪಟ್ಟಣದಲ್ಲಿ, ಎಲ್ಲರೂ ಎಲ್ಲದಕ್ಕೂ ಸಾಯುವ ಮನೆಯಲ್ಲಿ. ಅಪ್ಪ ಕಚೇರಿಯಿಂದ ಬಂದು ಚಪ್ಪಲಿ ಬಿಡುತ್ತಲೇ "ಸತ್ತೆ ಕಣೇ ಬಿಸಿಲಲ್ಲಿ" ಅನ್ನುವರು. ಅಮ್ಮ ಒಳಗಿನಿಂದ "ಕಾಫಿ ಕುಡಿದು ಆಮೇಲೆ ಸಾಯೋರಂತೆ, ಬನ್ನಿ" ಅನ್ನುವಳು. ಗಣಿತದ ಪರೀಕ್ಷೆಯ ದಿನ ನಾನು ಸಾಯುತ್ತಿದ್ದೆ, ಅಂಗಿಯ ಗುಂಡಿ ಕಿತ್ತುಬಂದರೆ ತಮ್ಮ ಸಾಯುತ್ತಿದ್ದ. ಇಷ್ಟೆಲ್ಲ ಸತ್ತು ಸತ್ತು ನಾವು ಬಹಳ ಆರೋಗ್ಯವಾಗಿದ್ದೆವು. ಸಂಜೆ ಎಲ್ಲರೂ ಒಟ್ಟಿಗೆ ಕೂತು ಮಂಡಕ್ಕಿ ತಿನ್ನುತ್ತಿದ್ದೆವು.

ಅಲ್ಲಿಂದ ಬಿ.ಎಸ್ಸಿ. ಮುಗಿಸಿ, ಮದುವೆಯಾಗಿ, ರಾಜಾಜಿನಗರದ ಈ ಬಾಡಿಗೆ ಮನೆಗೆ ಬಂದೆ. ಬಂದ ಮೊದಲ ವಾರವೇ ಅಡುಗೆಮನೆಯಿಂದ "ಅತ್ತೇ, ಬೇಳೆ ಖಾಲಿ!" ಎಂದು ಕೂಗಿದೆ. ಹೂ ಕಟ್ಟುತ್ತಿದ್ದ ಅತ್ತೆಯ ಕೈಯಿಂದ ದಾರ ಬಿತ್ತು. ಓಡಿ ಬಂದವರು ಮೊದಲು ಡಬ್ಬದ ಮುಚ್ಚಳ ಮುಚ್ಚಿದರು, ಆಮೇಲೆ ನನ್ನ ಬಾಯಿ.

"ತುಂಬಿದೆ ಅನ್ನಬೇಕಮ್ಮ. ಅಸ್ತು ದೇವತೆಗಳು ಓಡಾಡ್ತಾ ಇರ್ತಾರೆ. ನೀನು ಖಾಲಿ ಅಂದ್ರೆ ಅವರು ಅಸ್ತು ಅಂತಾರೆ, ಆಮೇಲೆ ಏನು ಮಾಡ್ತೀಯ?"

"ಅಂಗಡಿಯಿಂದ ತರ್ತೀನಿ ಅತ್ತೆ."

"ನೋಡು, ಮತ್ತೆ!"

ಹಾಗಾಗಿ ನಾನು ಮಾವನವರ ಬಳಿ ಹೋಗಿ "ಮಾವ, ಬೇಳೆ ತುಂಬಿದೆ" ಎಂದೆ. ಅವರು ಚೀಲ ತೆಗೆದುಕೊಂಡು ಅಂಗಡಿಗೆ ಹೊರಟರು.

ಇದಲ್ಲದೆ "ಬಿಡ್ತು" ಒಂದಿತ್ತು. ಇದು ನಿಮ್ಮ ಮನೆಯಲ್ಲೂ ಇದ್ದೀತು. ಯಾರ ಬಾಯಿಂದಲಾದರೂ ಕೆಟ್ಟ ಮಾತು ಬಂದರೆ ಎದುರಿಗಿದ್ದವರು "ಬಿಡ್ತು ಅನ್ನು" ಎಂದು ಗದರಬೇಕು. ಆಡಿದವರು "ಬಿಡ್ತು" ಎಂದು ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು. ಬೇರೆ ಮನೆಗಳಲ್ಲಿ ಇದು ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ನಡೆಯಬಹುದು. ಚನ್ನಪಟ್ಟಣದಿಂದ ಬಂದ ಸೊಸೆಯಿರುವ ಮನೆಯಲ್ಲಿ ಬೆಳಗಿನಿಂದ ಸಂಜೆಯವರೆಗೂ ಇದೇ ಕೆಲಸ. ಒಗೆದ ಬಟ್ಟೆ ಹಿಂಡಿ "ಸತ್ತೆನಪ್ಪಾ" ಅಂದರೆ ಹಿತ್ತಿಲಿನಿಂದ "ಬಿಡ್ತು ಅನ್ನೇ!" ಎಂದು ಕೇಳುತ್ತಿತ್ತು. ಒಂದು ದಿನ ಪದ್ಮಮ್ಮನವರೂ ಕಾಂಪೌಂಡಿನ ಆಚೆಯಿಂದ "ಬಿಡ್ತು ಅನ್ರೀ" ಎಂದು ಅತ್ತೆಗೆ ಸಹಾಯ ಮಾಡಿದರು.

ಇನ್ನು ಅತ್ತೆಯ ಕನ್ನಡಿ. ಅವರಿಗೆ ಮಂಡಿನೋವು. ಬೆಳಗ್ಗೆ ಹಾಸಿಗೆಯಿಂದ ಏಳುವಾಗ ಗೋಡೆ, ಕಿಟಕಿ, ಕುರ್ಚಿ ಎಲ್ಲವನ್ನೂ ಒಂದೊಂದಾಗಿ ಹಿಡಿದುಕೊಂಡೇ ಏಳಬೇಕು. ಆದರೆ ಸ್ನಾನ ಮುಗಿಸಿ ಕನ್ನಡಿಯ ಮುಂದೆ ಬಂದು, ಕುಂಕುಮ ಇಟ್ಟುಕೊಂಡು, ತಮ್ಮನ್ನು ತಾವೇ ಗದರುವ ಹಾಗೆ ನೋಡಿ, ಗಟ್ಟಿಯಾಗಿ ಹೇಳುವರು: "ನನಗೇನಾಗಿದೆ ಧಾಡಿ! ಗುಂಡುಕಲ್ಲಿನ ಹಾಗಿದೀನಿ." ಹೇಳಿದ ಮೇಲೆ ಹೆಜ್ಜೆ ಬೇರೆಯೇ ಆಗುತ್ತಿತ್ತು. ಮಂಡಿ ಹಾಗೇ ಇರುತ್ತಿತ್ತು, ಹೆಜ್ಜೆ ಮಾತ್ರ ಬೇರೆ.

ಇದನ್ನು ನೋಡಿ ನಾನು ಒಳಗೊಳಗೇ ನಗುತ್ತಿದ್ದೆ. ಅದಕ್ಕೆ ಕಾರಣವಿತ್ತು. ಕಾಲೇಜಿನಲ್ಲಿದ್ದಾಗ ಲೈಬ್ರರಿಯಲ್ಲಿ ಯಾವುದೋ ಇಂಗ್ಲಿಷ್ ಮಾಸಪತ್ರಿಕೆ ಓದಿ ನಾನೂ ನನ್ನ ಗೆಳತಿಯೂ ಇಂಥದ್ದೇ ಒಂದು ಪ್ರಯೋಗ ಮಾಡಿದ್ದೆವು. ದಿನಾ ಕನ್ನಡಿ ಮುಂದೆ ನಿಂತು, ನಿಮಗೆ ಏನು ಬೇಕೋ ಅದು ಆಗಲೇ ಬಂದಿದೆ ಎಂದು ಹೇಳಿಕೊಳ್ಳಿ, ಧೈರ್ಯ ತಾನಾಗಿ ಬರುತ್ತದೆ ಎಂದು ಅದರಲ್ಲಿ ಬರೆದಿತ್ತು. ಕೆಮಿಸ್ಟ್ರಿ ಪ್ರಾಕ್ಟಿಕಲ್ಲಿನ ದಿನ ಹಾಸ್ಟೆಲಿನ ಕನ್ನಡಿಗೆ "ನನ್ನ ಕೈ ನಡುಗುವುದಿಲ್ಲ, ನನ್ನ ಕೈ ನಡುಗುವುದಿಲ್ಲ" ಎಂದು ಹೇಳಿ ಹೋದೆ. ಕೈ ನಿಜವಾಗಿಯೂ ನಡುಗಲಿಲ್ಲ. ಬಹಳ ಸ್ಥಿರವಾದ ಕೈಯಿಂದ ಪಿಪೆಟ್ಟನ್ನು ಸಿಂಕಿನ ಅಂಚಿಗೆ ಹೊಡೆದು ಮುರಿದೆ. ಅಂದಿನಿಂದ ಕನ್ನಡಿಯ ಹತ್ತಿರ ನನ್ನದು ಬೈತಲೆ ತೆಗೆಯುವಷ್ಟು ವ್ಯವಹಾರ ಮಾತ್ರ.

ಈ ಒಳ್ಳೆಯ ಮಾತಿನ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಕಷ್ಟ ಮಾವನವರದು. ಯಾಕೆಂದರೆ ಜೀವಮಾನವೆಲ್ಲ ಅವರು ಕೆಟ್ಟದ್ದನ್ನು ಮುಂಚಿತವಾಗಿ ಹೇಳುವ ಕೆಲಸದಲ್ಲೇ ಇದ್ದವರು. ಫ್ಯಾಕ್ಟರಿಯೊಂದರಲ್ಲಿ ಬೋರ್ಡು ಬರೆಯುತ್ತಿದ್ದರು. "ಅಪಾಯ, ಮುಟ್ಟಬೇಡಿ." "ನೆಲ ಜಾರುತ್ತದೆ." "ತಲೆಯ ಮೇಲೆ ಕೆಲಸ ನಡೆಯುತ್ತಿದೆ." ಓದಲು ಬಾರದವರಿಗಾಗಿ ಕೆಳಗೆ ಕೆಂಪು ಬಣ್ಣದಲ್ಲಿ ಒಂದು ತಲೆಬುರುಡೆ, ಎರಡು ಮೂಳೆ. ರಿಟೈರಾದ ದಿನ ಅವರು ಕುಂಚ, ಬಣ್ಣದ ಡಬ್ಬಗಳನ್ನು ಮನೆಗೆ ತಂದಾಗ ಅತ್ತೆ ಬಾಗಿಲಲ್ಲೇ ನಿಲ್ಲಿಸಿ, "ಬಣ್ಣ ಬರಲಿ, ಬುರುಡೆ ಬರೋದು ಬೇಡ" ಎಂದಿದ್ದರಂತೆ.

ಅಭ್ಯಾಸ ಎಲ್ಲಿಗೆ ಹೋದೀತು? ಮನೆಗೆ ಕಾಲಿಟ್ಟ ಕೂಡಲೇ ಅವರ ಕಣ್ಣಿಗೆ ಸ್ಟೂಲಿನ ಸಡಿಲ ಕಾಲು, ಸ್ಟೌವಿನ ಸೋರುವ ತಳ, ಸ್ವಿಚ್ಚಿನ ಹಿಂದಿನ ಬರಿಯ ತಂತಿ ಕಾಣುತ್ತಿತ್ತು. ಹೇಳುವ ಹಾಗಿಲ್ಲ. "ಈ ಸ್ಟೂಲಿಂದ ಯಾರಾದ್ರೂ ಬಿದ್ದು..." ಎನ್ನುವಷ್ಟರಲ್ಲಿ "ಬಿಡ್ತು ಅನ್ನಿ" ಬೀಳುತ್ತಿತ್ತು. ಹೀಗಾಗಿ ಪಾಪ, ಅವರು ತಮ್ಮದೇ ಒಂದು ಭಾಷೆ ಮಾಡಿಕೊಂಡಿದ್ದರು. "ಸ್ಟೂಲು ಸ್ವಲ್ಪ ದಣಿದಿದೆ, ವಿಮಲಾ." "ಆ ಸ್ವಿಚ್ಚು ಇವತ್ತು ಕೋಪದಲ್ಲಿದೆ, ಮಾತಾಡಿಸಬೇಡ." ಮೂರು ತಿಂಗಳಲ್ಲಿ ನಾನು ಆ ಭಾಷೆ ಕಲಿತೆ. ಅತ್ತೆ ಮೂವತ್ತು ವರ್ಷ ಜೊತೆಗಿದ್ದರೂ ಕಲಿತಿರಲಿಲ್ಲ. ಕಲಿಯುವ ಅಗತ್ಯ ಅವರಿಗೆ ಕಂಡಿರಲಿಲ್ಲ.

ಈಗ ಬಾವಿಗೆ ಬರುತ್ತೇನೆ. ಬರಲು ಇಷ್ಟು ಹೊತ್ತು ಮಾಡಿದ್ದು ಬೇಕೆಂದೇ ಎಂದು ನಿಮಗೆ ಗೊತ್ತಾಗಿರಬೇಕು.

ಮಾವನವರಿಗೆ ವಿಜಯನಗರದಲ್ಲಿ, ಅತ್ತಿಗುಪ್ಪೆಯ ಕಡೆಗೆ, ಒಂದು ಸೈಟು ಸಿಕ್ಕಿತ್ತು. ಆಗ ಅಲ್ಲಿ ಲೇಔಟು ಎನ್ನುವುದು ರಾಗಿಹೊಲದ ನಡುವೆ ನೆಟ್ಟ ಕಲ್ಲುಗಳು ಅಷ್ಟೇ. ಹಗಲು ಹೊತ್ತಿನಲ್ಲೇ ನಮ್ಮ ಸೈಟು ಯಾವುದು ಎಂದು ಹುಡುಕಬೇಕಾಗಿತ್ತು. ಸಿಮೆಂಟಿನ ಪರ್ಮಿಟ್ಟಿಗೆ ಅಲೆದು ಅಲೆದು ಕೊನೆಗೂ ಗೋಡೆ ಕಿಟಕಿಯ ಮಟ್ಟಕ್ಕೆ ಬಂದಿತ್ತು. ಹೊಸ ಗೋಡೆಗೆ ಬಿಸಿಲೇರುವ ಮೊದಲು ನೀರು ಹಾಕಬೇಕು. ಕೆಲಸದವರು ಬರುವುದು ಒಂಬತ್ತರ ಮೇಲೆ. ಅವರು ಹಾಕುವ ನೀರಿನ ಮೇಲೆ ಅತ್ತೆಗೆ ನಂಬಿಕೆಯೂ ಇರಲಿಲ್ಲ. ನಮ್ಮವರು ಕೆಲಸದ ಮೇಲೆ ಹುಬ್ಬಳ್ಳಿಗೆ ಹೋಗಿದ್ದ ಆ ತಿಂಗಳಲ್ಲಿ ನಾವು ಮೂವರೂ ಬೆಳಗ್ಗೆ ಬಸ್ಸು ಹಿಡಿದು, ಇಳಿದು, ಹೊಲದ ಬದುವಿನ ಮೇಲೆ ನಡೆದು ಅಲ್ಲಿಗೆ ಹೋಗುತ್ತಿದ್ದೆವು. ಮಾವ ಸೌದೆಪುಳ್ಳೆ, ಮೊಳೆ ಎತ್ತಿಡುವರು. ನಾನು ತಂಬಿಗೆಯಿಂದ ಗೋಡೆಗೆ ನೀರೆರಚುವೆನು. ಅತ್ತೆ ಗೋಡೆಗೆ ಮಾತಾಡುವರು.

"ಕುಡಿಯಪ್ಪ, ಚೆನ್ನಾಗಿ ಕುಡಿ. ಗಟ್ಟಿಯಾಗಿ ನಿಲ್ಲು, ನನ್ ರಾಜ. ನಿನಗೇನಾಗಿದೆ!"

ನೀರು ಪಕ್ಕದ ಖಾಲಿ ಸೈಟಿನ ಹಳೆಯ ಬಾವಿಯದು. ಲೇಔಟಾಗುವ ಮೊದಲು ಅದು ಯಾರದೋ ತೋಟದ ಬಾವಿ. ಕಟ್ಟೆ ಒಂದು ಕಡೆ ಪೂರ್ತಿ ಕುಸಿದಿತ್ತು. ಕುಸಿದ ಕಡೆ ಯಾರೋ ಎರಡು ಹಲಗೆ ಹಾಸಿದ್ದರು. ಅದರ ಮೇಲೆ ನಿಂತು ನೀರು ಸೇದಬೇಕು. ಸೇದುವ ಕೆಲಸ ಅತ್ತೆ ಯಾರಿಗೂ ಬಿಡುತ್ತಿರಲಿಲ್ಲ. ಮನೆ ಕಟ್ಟುವ ನೀರನ್ನು ಮನೆಯ ಯಜಮಾನಿಯೇ ಸೇದಬೇಕಂತೆ, ಮಂಡಿ ಒಪ್ಪಲಿ, ಬಿಡಲಿ.

ಆ ದಿನದ ಹಿಂದಿನ ಸಂಜೆ ಮಳೆ ಬಂದಿತ್ತು. ಮಾವ ಬಾವಿಯ ಹತ್ತಿರ ಹೋಗಿ, ಬಗ್ಗಿ, ಒಂದು ಹಲಗೆಯನ್ನು ಬೆರಳಿನಿಂದ ಒತ್ತಿದರು. ಬೆರಳು ಒಳಗೆ ಹೋಯಿತು. ನಾನು ನೋಡಿದೆ.

"ಈ ಹಲಗೆ ದಣಿದ ಹಾಗಿದೆ ಕಣೇ," ಎಂದರು ಅತ್ತೆಗೆ.

"ಯಾರು ದಣಿದಿಲ್ಲ ಈಗ? ಬನ್ನಿ, ಬಿಸಿಲೇರತ್ತೆ."

ಮಾವ ಎದ್ದು ನಿಂತರು. ಆ ಭಾಷೆ ಸಾಲದು ಎಂದು ಅವರಿಗೆ ಅನ್ನಿಸಿರಬೇಕು. ಬಹಳ ವರ್ಷದ ಮೇಲೆ ಅವರ ಬಾಯಲ್ಲಿ ಫ್ಯಾಕ್ಟರಿಯ ಭಾಷೆ ಬಂತು.

"ತಮಾಷೆ ಅಲ್ಲ. ಕೊಳೆತುಹೋಗಿದೆ ಇದು. ಕಾಲಿಟ್ರೆ ಮುರಿದು ಒಳಗೆ ಬಿದ್ದು..."

"ಬಿಡ್ತು ಅನ್ನಿ!" ಅತ್ತೆಯ ಕಣ್ಣಲ್ಲಿ ನಿಜವಾದ ಭಯವಿತ್ತು. ಭಯ ಹಲಗೆಯದಲ್ಲ, ಮಾತಿನದು. "ಕಟ್ತಾ ಇರೋ ಮನೆ ಮುಂದೆ ನಿಂತು ಆಡೋ ಮಾತಾ ಇದು? ಬಾಯಲ್ಲಿ ಒಳ್ಳೇದೇ ಬರಲ್ವಾ ನಿಮಗೆ? ಬಿಡ್ತು ಅನ್ನಿ ಮೊದಲು!"

ಮಾವ ಬೆರಳನ್ನು ಪಂಚೆಗೆ ಒರೆಸಿಕೊಂಡರು. "ಬಿಡ್ತು," ಎಂದರು.

ಅತ್ತೆಗೆ ಸಮಾಧಾನವಾಯಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೊಡಕ್ಕೆ ಹಗ್ಗ ಬಿಗಿದು, "ನನಗೇನಾಗಿದೆ" ಎಂದುಕೊಂಡೇ ಹಲಗೆಯ ಮೇಲೆ ಕಾಲಿಟ್ಟರು. ಸೈರನ್ ಕೂಗಲು ಶುರುವಾಯಿತು.

ಹಲಗೆ ಮುರಿದ ಸದ್ದು ನನಗೆ ಕೇಳಲೇ ಇಲ್ಲ. ಸೈರನ್ನಿನಲ್ಲಿ ಮುಳುಗಿಹೋಯಿತು. ಕೇಳಿದ್ದು ಕೊಡ ಕಲ್ಲಿಗೆ ಬಡಿದ ಸದ್ದು, ಟಣ್ ಎಂದು, ಮದುವೆಮನೆಯ ಉಗ್ರಾಣದಲ್ಲಿ ಕೇಳುವಂಥದ್ದು. ಆಮೇಲೆ ನೀರಿನ ಸದ್ದು. ಆಮೇಲೆ ಏನೂ ಇಲ್ಲ. ಈ "ಏನೂ ಇಲ್ಲ" ಎಷ್ಟು ಹೊತ್ತಿತ್ತು ಎಂದು ನನಗೆ ಇವತ್ತಿಗೂ ತಿಳಿಯದು. ಒಂದು ಉಸಿರಿನಷ್ಟು ಎಂದು ಮಾವ ಹೇಳುತ್ತಾರೆ. ಸುಳ್ಳು. ಆ ಹೊತ್ತಿನಲ್ಲಿ ನಾನು ಹುಬ್ಬಳ್ಳಿಗೆ ತಂತಿ ಕೊಟ್ಟೆ, ನಮ್ಮವರು ರೈಲು ಇಳಿದು ಬರುವುದನ್ನು ನೋಡಿದೆ, ಅವರಿಗೆ ಏನು ಹೇಳಬೇಕೆಂದು ಹುಡುಕಿದೆ, ಸಿಕ್ಕಲಿಲ್ಲ. ಇದೆಲ್ಲ ಅಲ್ಲೇ ನಿಂತು.

ಮಾವ ಅಂಗಿ ಬಿಚ್ಚುತ್ತಿದ್ದರು. ಅವರಿಗೆ ಈಜು ಬರುವುದಿಲ್ಲ. ನಾನು ಓಡಿಹೋಗಿ ಅವರ ಪಂಚೆಯನ್ನು ಎರಡೂ ಕೈಯಿಂದ ಹಿಡಿದುಕೊಂಡೆ. ಸೊಸೆ ಮಾವನ ಪಂಚೆ ಹಿಡಿದು ಎಳೆದದ್ದು ನಮ್ಮ ವಂಶದಲ್ಲಿ ಅದೇ ಮೊದಲಿರಬೇಕು. ಅವರು "ಬಿಡು, ಬಿಡು" ಎನ್ನುತ್ತಿದ್ದರೋ "ಬಿಡ್ತು, ಬಿಡ್ತು" ಎನ್ನುತ್ತಿದ್ದರೋ ಗೊತ್ತಾಗಲಿಲ್ಲ. ಆಗ ಕೆಳಗಿನಿಂದ ಕೆಮ್ಮು ಕೇಳಿತು. ಕೆಮ್ಮಿನ ಹಿಂದೆ ದನಿ.

"ಚೆನ್ನಾಗಿದೀನಿ ಕಣೇ! ನನಗೇನಾಗಿದೆ!"

ನಾನು ಕೆಸರಿನ ಮೇಲೆ ಬೋರಲು ಮಲಗಿ ಇಣುಕಿದೆ. ಎರಡಾಳು ಕೆಳಗೆ ಕಪ್ಪು ನೀರು. ನೀರಿನಲ್ಲಿ ಎದೆಯವರೆಗೆ ಅತ್ತೆ. ಗೋಡೆಯಿಂದ ಚಾಚಿಕೊಂಡಿದ್ದ ಒಂದು ಕಲ್ಲನ್ನು ಎರಡೂ ಕೈಯಿಂದ ತಬ್ಬಿಕೊಂಡಿದ್ದರು. ಬಿಳಿಯ ಕೂದಲು ಬಿಚ್ಚಿ ನೀರಿನ ಮೇಲೆ ಹರಡಿತ್ತು. ಮುಖ ಮೇಲಕ್ಕೆತ್ತಿದ್ದರು. ಅಷ್ಟು ಚಿಕ್ಕ ಮುಖ ಅವರದೆಂದು ನನಗೆ ಗೊತ್ತಿರಲಿಲ್ಲ.

ನಾನು ಹೇಗೆ ಕೂಗಿದೆನೋ ಏನೋ, ಆಚೆ ಸಾಲಿನಲ್ಲಿ ಕಟ್ಟುತ್ತಿದ್ದ ಮನೆಯ ಶೆಡ್ಡಿನಿಂದ ವಾಚ್‌ಮನ್ ರಂಗಯ್ಯ, ಅವನ ಹೆಂಡತಿ ಕೆಂಪಮ್ಮ, ಇನ್ನೂ ಇಬ್ಬರು ಆಳುಗಳು ಓಡಿಬಂದರು. ರಂಗಯ್ಯನ ಹೆಗಲ ಮೇಲೆ ಸಾರುವೆ ಮರ ಕಟ್ಟುವ ದಪ್ಪ ಹಗ್ಗವಿತ್ತು. ತುದಿಯಲ್ಲಿ ಕುಣಿಕೆ ಮಾಡಿ ಇಳಿಬಿಟ್ಟ.

"ಅಮ್ಮಾವ್ರೇ, ಹಗ್ಗ ತಲೆ ಮ್ಯಾಲಿಂದ ಹಾಕ್ಕಂಡು ಕೈ ಎರಡೂ ಈಚೆ ತಗೀರಿ. ಕಂಕುಳಿಗೆ ಬರ್ಲಿ. ಮಿಕ್ಕಿದ್ದು ನಾವು ನೋಡ್ಕೋತೀವಿ."

ಹಗ್ಗ ಅತ್ತೆಯ ಮುಖದ ಎದುರಿಗೇ ತೂಗಾಡಿತು. ಅವರು ಅದನ್ನು ನೋಡಿದರು. ಹಿಡಿಯಲಿಲ್ಲ. ಹಿಡಿಯಬೇಕಾದರೆ ಕಲ್ಲಿನಿಂದ ಒಂದು ಕೈ ಬಿಡಬೇಕಲ್ಲ.

"ಅತ್ತೆ, ಒಂದು ಕೈ ಬಿಡಿ. ಒಂದೇ ಒಂದು."

ಕೆಳಗಿನಿಂದ ಬಂತು: "ಆಗಲ್ಲ ಕಣೇ."

ನನಗೆ ಅತ್ತೆ ಬಿದ್ದಾಗ ಆದ ಆಘಾತಕ್ಕಿಂತ ಇದು ಹೆಚ್ಚಾಯಿತು. ಆ ಪದ ಅವರ ಬಾಯಲ್ಲಿ ನಾನು ಕೇಳಿರಲಿಲ್ಲ. ಅಕ್ಕಿ ತೀರಿದರೆ ತುಂಬಿದೆ ಅನ್ನುವವರು, ದೀಪ ಆರಿಸುವುದನ್ನು ದೊಡ್ಡದು ಮಾಡುವುದು ಅನ್ನುವವರು, ಮಂಡಿ ಊದಿ ಕುಂಬಳಕಾಯಿಯಾದರೂ ಗುಂಡುಕಲ್ಲು ಅನ್ನುವವರು, "ಆಗಲ್ಲ" ಎಂದರು. ನಾನು ಮಾವನ ಮುಖ ನೋಡಿದೆ. ಅವರು ಹಗ್ಗದ ಇನ್ನೊಂದು ತುದಿಯನ್ನು ಕೈಗೆ ಸುತ್ತಿಕೊಂಡು ನಿಂತಿದ್ದರು.

"ಮಾತಾಡ್ಸವ್ವಾ, ಮಾತಾಡ್ಸು," ಎಂದಳು ಕೆಂಪಮ್ಮ, ನನ್ನ ಬೆನ್ನಿಗೆ ಗುದ್ದಿ. "ಸುಮ್ನೆ ಬಿಟ್ರೆ ಜೀವ ಸೋತೋಗ್ತದೆ."

ಏನು ಮಾತಾಡಿಸುವುದು? ಬಿ.ಎಸ್ಸಿ.ಯಲ್ಲಿ ಇದಕ್ಕೆ ಪಾಠವಿರಲಿಲ್ಲ. ಧೈರ್ಯವಾಗಿರಿ ಎನ್ನಲೇ? ಬಾವಿಯ ಹೊರಗೆ ಮಲಗಿದವಳು ಒಳಗಿದ್ದವರಿಗೆ ಹೇಳುವ ಮಾತೇ ಅದು? ನನಗೇ ಗೊತ್ತಿಲ್ಲದೆ ಬಾಯಿಂದ ಬಂದದ್ದು ಬೇರೆ.

"ಅತ್ತೇ! ನಿಮಗೇನಾಗಿದೆ?"

"ಏನೇ?"

"ನಿಮಗೇನಾಗಿದೆ ಅಂದೆ!"

ನೀರು ಗೋಡೆಗೆ ಬಡಿಯುವ ಸದ್ದು. ಆಮೇಲೆ, ಬಹಳ ಸಣ್ಣಗೆ, "ಧಾಡಿ."

"ಕೇಳಿಸ್ಲಿಲ್ಲ! ಜೋರಾಗಿ!"

"ನನಗೇನಾಗಿದೆ ಧಾಡಿ!"

"ಹೇಗಿದೀರಿ?"

"ಹೇಗಿದೀನಾ? ಗುಂಡುಕಲ್ಲಿನ ಹಾಗಿದೀನಿ ಕಣೇ, ಕತ್ತೆ!"

ಆ "ಕತ್ತೆ"ಯ ಜೊತೆಗೇ ಬಲಗೈ ಕಲ್ಲನ್ನು ಬಿಟ್ಟಿತು. ಬಿಟ್ಟ ಕೈ ಒಂದು ಕ್ಷಣ ಗಾಳಿಯಲ್ಲಿ ದಿಕ್ಕು ತಪ್ಪಿದಂತೆ ಆಡಿ, ಹಗ್ಗವನ್ನು ಹಿಡಿಯಿತು. ಕೆಂಪಮ್ಮನಿಗೆ ಇದರ ತಲೆಬುಡ ಗೊತ್ತಿಲ್ಲ. ಆದರೂ ಇದರಿಂದ ಕೆಲಸವಾಗುತ್ತಿದೆ ಎಂದು ಕಂಡಿತು. ಅವಳೂ ನನ್ನ ಪಕ್ಕ ಮಂಡಿಯೂರಿ "ಗುಂಡ್ಕಲ್ಲು! ಗುಂಡ್ಕಲ್ಲು!" ಎಂದು ಕೂಗಲು ಶುರುಮಾಡಿದಳು. ಆಳುಗಳೂ ಕೂಗಿದರು. ಅಷ್ಟು ಜನ ಬಾವಿಯ ಸುತ್ತ ನಿಂತು ಗುಂಡುಕಲ್ಲಿನ ಜಪ ಮಾಡುತ್ತಿರುವಾಗ ನನ್ನ ತಲೆಗೆ ಒಂದು ಯೋಚನೆ ಬಂತು. ಗುಂಡುಕಲ್ಲು ನೀರಿಗೆ ಬಿದ್ದರೆ ಮುಳುಗುತ್ತದಲ್ಲವೇ? ಆ ಯೋಚನೆಯನ್ನು ತಡೆಯಲು ಇನ್ನೂ ಜೋರಾಗಿ ಕೂಗಿದೆ.

ಎಡಗೈಯೂ ಬಿಟ್ಟಿತು. ಒಂದು ಗುಟುಕಿನಷ್ಟು ಹೊತ್ತು ಅತ್ತೆಯ ತಲೆ ನೀರೊಳಗೆ ಹೋಯಿತು. ನಾನು ಕಣ್ಣು ಮುಚ್ಚಿದೆ. ತೆರೆದಾಗ ಹಗ್ಗ ಬಿಗಿಯಾಗಿತ್ತು, ರಂಗಯ್ಯನ ಕಾಲು ಮಣ್ಣಿನಲ್ಲಿ ಹೂತಿತ್ತು, ಮಾವ ಅವನ ಹಿಂದೆ ಆಕಾಶ ನೋಡುತ್ತ ಎಳೆಯುತ್ತಿದ್ದರು.

ಮೇಲೆ ಬಂದ ಅತ್ತೆಯನ್ನು ಇಟ್ಟಿಗೆಯ ರಾಶಿಯ ಮೇಲೆ ಕೂರಿಸಿದೆವು. ಒಂದು ಕೈಯಲ್ಲಿ ಬಳೆಯೇ ಇರಲಿಲ್ಲ, ಮೊಣಕೈಯ ಚರ್ಮ ಸುಲಿದಿತ್ತು. ಹಲ್ಲು ಕಟಕಟ ಎನ್ನುತ್ತಿತ್ತು. ಸುತ್ತ ನೋಡಿ ಅವರು ಆಡಿದ ಮೊದಲ ಮಾತು: "ಕೊಡ ಒಳಗೇ ಉಳೀತಲ್ಲೇ."

ಆಮೇಲೆ, "ಗೋಡೆಗೆ ನೀರು ಹಾಕಿ ಹೋಗೋಣ."

"ಒಂದಿನ ನೀರಿಲ್ದಿದ್ರೆ ಗೋಡೆ ಸತ್ತೋಗಲ್ಲ, ಸುಮ್ಕಿರಿ ಅಮ್ಮಾವ್ರೇ," ಎಂದು ಕೆಂಪಮ್ಮ ತನ್ನ ಒಣ ಸೀರೆ ಹೊದಿಸಿದಳು.

"ಬಿ... ಬಿ... ಬಿಡ್ತು ಅನ್ನು," ಎಂದರು ಅತ್ತೆ, ಹಲ್ಲು ಕಟಕಟಿಸುತ್ತಲೇ.

ನಾವೆಲ್ಲ ನಕ್ಕೆವು. ಮಾವ ನಗಲಿಲ್ಲ.

ಕಥೆ ಇಲ್ಲಿಗೆ ಮುಗಿಯಿತು ಎಂದು ನಾನೂ ಅಂದುಕೊಂಡಿದ್ದೆ. ಒಳ್ಳೆಯ ಮಾತಿಗೆ ಇಷ್ಟು ಬಲವಿದೆ, ನಾನು ಇನ್ನು ಮೇಲೆ ಕನ್ನಡಿಯನ್ನು ನೋಡಿ ನಗುವುದಿಲ್ಲ ಎಂದು ಬಸ್ಸಿನಲ್ಲೇ ತೀರ್ಮಾನಿಸಿದ್ದೆ. ಮನೆಗೆ ಬಂದ ಮೇಲೆ ಗೊತ್ತಾಯಿತು, ಬಾವಿ ನಮ್ಮ ಜೊತೆಗೇ ಬಸ್ಸು ಹತ್ತಿ ಬಂದಿದೆ.

ಆ ವಿಷಯ ಯಾರೂ ಎತ್ತುವ ಹಾಗಿರಲಿಲ್ಲ. ಅತ್ತೆ ಅದನ್ನು "ಆವತ್ತು ನೀರಿಗೆ ಹೋದಾಗ" ಎನ್ನುತ್ತಿದ್ದರು, ನಲ್ಲಿಗೆ ಹೋಗಿಬಂದ ಹಾಗೆ. ಪದ್ಮಮ್ಮನವರು ಮೊಣಕೈಯ ಗಾಯ ಕೇಳಿದರೆ "ಸ್ವಲ್ಪ ತರಚಿತು" ಎಂದರು. ಹುಬ್ಬಳ್ಳಿಯಿಂದ ಬಂದ ಕಾಗದಕ್ಕೆ ನನ್ನ ಕೈಯಿಂದಲೇ "ಎಲ್ಲರೂ ಕ್ಷೇಮ" ಎಂದು ಬರೆಸಿದರು. ಬೆಳಗ್ಗೆ ಕನ್ನಡಿಯ ಮುಂದೆ ಅದೇ ಮಾತು ನಡೆದಿತ್ತು. ಆದರೆ ಕುಂಕುಮ ಹುಬ್ಬಿನ ಮೇಲೋ ಕೆನ್ನೆಯ ಹತ್ತಿರವೋ ಕೂರುತ್ತಿತ್ತು. ಒರೆಸಿ ಮತ್ತೆ ಇಡುವರು, ಮತ್ತೆ ಒರೆಸುವರು. ಕೊನೆಗೆ ನಾನೇ ಇಟ್ಟೆ. ಅವರು ಬೇಡ ಅನ್ನಲಿಲ್ಲ. ಅದು ಇನ್ನೂ ಭಯ ಹುಟ್ಟಿಸಿತು.

ಮಾವ ಮಾತು ಬಿಟ್ಟರು. ಸಿಟ್ಟಿನಿಂದಲ್ಲ. ಸ್ಟೂಲು ದಣಿದಿದೆ ಎಂದು ಹೇಳುವುದನ್ನೂ ಬಿಟ್ಟರು. ಹಿತ್ತಿಲಿನಲ್ಲಿ ಕೂತು ಬಲಗೈಯ ಬೆರಳನ್ನು ನೋಡಿಕೊಳ್ಳುತ್ತಿದ್ದರು, ಹಲಗೆಯೊಳಗೆ ಹೋದ ಬೆರಳನ್ನು.

ನಿದ್ದೆಯಂತೂ ಯಾರಿಗೂ ಇಲ್ಲ. ನಾನು ಹಾಸಿಗೆಯಲ್ಲಿ ಮಲಗಿ, ಅತ್ತೆಯ ಪದ್ಧತಿಯಂತೆಯೇ, "ಏನೂ ಆಗಲಿಲ್ಲ, ಏನೂ ಆಗಲಿಲ್ಲ" ಎಂದು ಹೇಳಿಕೊಳ್ಳುತ್ತಿದ್ದೆ. ಅದರ ಬೆನ್ನಿಗೇ ಸೈರನ್ ಏರುತ್ತಿತ್ತು. ಇಳಿದಾಗ ಅತ್ತೆ ಇರುತ್ತಿರಲಿಲ್ಲ. ಆಚೆ ಕೋಣೆಯಲ್ಲಿ ಬಳೆಯ ಸದ್ದು, ಮಗ್ಗುಲು ಬದಲಿಸಿದ ಸದ್ದು, ಮಾವನ ಕೆಮ್ಮು. ಮೂವರೂ ಎಚ್ಚರವಾಗಿದ್ದೇವೆ ಎಂದು ಮೂವರಿಗೂ ಗೊತ್ತು. ಬೆಳಗ್ಗೆ ಎದ್ದು "ಚೆನ್ನಾಗಿ ನಿದ್ದೆ ಬಂತು" ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ಕಾಫಿ ಕುಡಿಯುತ್ತಿದ್ದೆವು. ಬಾವಿಯೊಳಗೆ ಕೈ ಬಿಡಿಸಿದ ಮಾತು ಮನೆಯೊಳಗೆ ಯಾಕೆ ಕೆಲಸ ಮಾಡುವುದಿಲ್ಲ ಎಂದು ನನಗೆ ತಿಳಿಯಲಿಲ್ಲ.

ಒಂದು ಗುರುವಾರ ಮಧ್ಯಾಹ್ನ ಹಿತ್ತಿಲಿನಿಂದ ಬಣ್ಣದ ವಾಸನೆ ಬಂತು. ಮಾವ ಒಂದು ತಗಡಿನ ಹಾಳೆಯನ್ನು ಒಗೆಯುವ ಕಲ್ಲಿಗೆ ಒರಗಿಸಿ, ಅದೆಷ್ಟೋ ದಿನದಿಂದ ಮುಟ್ಟದ ಕುಂಚ ಹಿಡಿದು ಬರೆಯುತ್ತಿದ್ದರು. ನನ್ನನ್ನು ನೋಡಿ ಕುಂಚ ಹಿಂದೆ ಬಚ್ಚಿಟ್ಟುಕೊಂಡರು. ಅತ್ತೆಯ ಹೆಜ್ಜೆ ಕೇಳುತ್ತಲೇ ಹಾಳೆಯನ್ನು ಗೋಡೆಯ ಕಡೆಗೆ ತಿರುಗಿಸಿಬಿಟ್ಟರು.

ಅತ್ತೆ ಒಣಹಾಕಿದ ಸಂಡಿಗೆ ನೋಡಲು ಬಂದವರು ನಿಂತರು. ವಾಸನೆ ಹಿಡಿದರು. ಹೋಗಿ ಹಾಳೆಯನ್ನು ತಮ್ಮ ಕಡೆಗೆ ತಿರುಗಿಸಿದರು. ಕೆಂಪು ಬಣ್ಣ ಇನ್ನೂ ಹಸಿ. "ಅಪಾಯ. ಹಾಳು ಬಾವಿ. ಹತ್ತಿರ ಬರಬೇಡಿ. ಬಿದ್ದರೆ ಸಾಯುವಿರಿ."

ಮಾವ ತಲೆ ತಗ್ಗಿಸಿ, "ಬಿಡ್ತು" ಅನ್ನಲು ತಯಾರಾದ ಮುಖದಲ್ಲಿ ನಿಂತರು.

ಅತ್ತೆ ಬಹಳ ಹೊತ್ತು ಓದಿದರು. ನಾಲ್ಕು ಸಾಲು ಓದಲು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು.

"ಅಕ್ಷರ ಸಣ್ಣದಾಯ್ತು," ಎಂದರು. "ದೂರದಿಂದ ಕಾಣಲ್ಲ. ದೊಡ್ಡದಾಗಿ ಬರೀರಿ."

ಮಾವ ತಲೆ ಎತ್ತಿದರು.

"ಬುರುಡೆ ಎಲ್ಲಿ? ಓದೋಕೆ ಬರದೇ ಇರೋರು ಏನು ಮಾಡ್ಬೇಕು? ಬುರುಡೆ ಹಾಕಿ. ಮೂಳೆನೂ ಹಾಕಿ."

ಹೇಳುತ್ತ ಹೇಳುತ್ತಲೇ ಒಗೆಯುವ ಕಲ್ಲಿನ ಮೇಲೆ ಕೂತರು. ಮಂಡಿ ಹಿಡಿದುಕೊಳ್ಳದೆ, ಕೂತದ್ದೇ ಗೊತ್ತಾಗದ ಹಾಗೆ.

"ನಾನು ಸಾಯ್ತಿದ್ದೆ ಕಣ್ರೀ ಆವತ್ತು," ಎಂದರು. "ಕೆಳಗೆ ಕತ್ತಲೆ. ಕಾಲಿಗೆ ಏನೂ ಸಿಕ್ಕಲ್ಲ. ಮೇಲೆ ನೋಡಿದ್ರೆ ಇವಳ ತಲೆ ಒಂದು ತಟ್ಟೆಯಷ್ಟು ಕಾಣತ್ತೆ. ಸತ್ತೇ ಹೋಗ್ತಿದ್ದೆ."

ಯಾರೂ ಬಿಡ್ತು ಅನ್ನಲಿಲ್ಲ. ಸಂಡಿಗೆಯ ಮೇಲೆ ಕಾಗೆ ಕೂತಿತು, ಅದನ್ನೂ ಯಾರೂ ಓಡಿಸಲಿಲ್ಲ.

"ನಾನು ಹೇಳಿದ್ದೆ," ಎಂದರು ಮಾವ. ಅಷ್ಟು ದಿನದ ಮೇಲೆ ಬಂದ ದನಿ ಒಡೆದಿತ್ತು. "ಹೇಳಿದ್ದೆ ಕಣೇ."

"ಹೇಳಿದ್ರಿ. ನಾನೇ ಬಾಯಿ ಮುಚ್ಚಿಸಿದೆ."

"ಮುಚ್ಚಿಸಿದ್ರೆ ನಾನ್ಯಾಕೆ ಮುಚ್ಕೋಬೇಕಿತ್ತು? ಕೈ ಹಿಡಿದು ಎಳೀಬಹುದಿತ್ತಲ್ಲ."

"ಎಳೆದಿದ್ರೆ ನಿಮ್ಮನ್ನ ಬೈದು ಇನ್ನೊಂದು ಕಡೆಯಿಂದ ಹತ್ತಿರ್ತಿದ್ದೆ. ನನ್ನನ್ನ ನಿಮಗೆ ಗೊತ್ತಿಲ್ವಾ?"

ಮಾವ ಅತ್ತರು. ಅತ್ತೆ ಸೆರಗಿನಿಂದ ಅವರ ಮುಖ ಒರೆಸಿದರು, ಒರೆಸಿದ ಸೆರಗಿಗೆ ಕೆಂಪು ಬಣ್ಣ ಹತ್ತಿತು. ನೋಡಿ, "ಸೀರೆ ಹಾಳಾಯ್ತು" ಎಂದರು. ಹಾಳಾಯಿತು ಎಂದೇ ಅಂದರು. ಹೆಚ್ಚಾಯಿತು, ತುಂಬಿತು ಎಂದೆಲ್ಲ ಅನ್ನಲಿಲ್ಲ.

ನನಗೂ ಏನೋ ಹೇಳಬೇಕಾಗಿತ್ತು. "ಅತ್ತೆ, ನಾನು ಆವಾಗ ಹುಬ್ಬಳ್ಳಿಗೆ, ಇವರಿಗೆ ತಂತಿ ಕೊಟ್ಟುಬಿಟ್ಟಿದ್ದೆ, ಮನಸ್ಸಲ್ಲೇ," ಎಂದೆ. "ಏನು ಬರೀಬೇಕೂಂತ ಗೊತ್ತಾಗ್ಲಿಲ್ಲ."

"ಏನು ಬರೀತಿದ್ದೆ? ಅತ್ತೆ ತುಂಬಿದಾರೆ ಅಂತ ಬರೀಬೇಕಿತ್ತು," ಎಂದರು ಅತ್ತೆ.

ಮೊದಲು ನಕ್ಕವರು ಮಾವ.

ಮಾವ ಸಂಜೆಯವರೆಗೂ ಕೂತು ಬೋರ್ಡು ಹೊಸದಾಗಿ ಬರೆದರು. ಅಕ್ಷರಗಳು ಮೊಳದುದ್ದ. ಬುರುಡೆ ಬಹಳ ಚೆನ್ನಾಗಿ ಬಂತು. ಅವರ ಬುರುಡೆಗಳಿಗೆ ಯಾವಾಗಲೂ ಒಂದು ಸೌಮ್ಯ ಮುಖಭಾವ ಇರುತ್ತಿತ್ತೆಂದು ಫ್ಯಾಕ್ಟರಿಯಲ್ಲಿ ಹೇಳುತ್ತಿದ್ದರಂತೆ, ಇದಕ್ಕೂ ಇತ್ತು. ದೀಪ ಹಚ್ಚುವ ಹೊತ್ತಿನಲ್ಲಿ, ಅಸ್ತು ದೇವತೆಗಳು ನೆತ್ತಿಯ ಮೇಲೆಯೇ ಓಡಾಡುವ ಹೊತ್ತಿನಲ್ಲಿ, ಅದು ನಮ್ಮ ಹಿತ್ತಿಲಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ಒಣಗುತ್ತಿತ್ತು. ಮರುದಿನ ಬೆಳಗ್ಗೆ ಮೊದಲ ಬಸ್ಸಿಗೇ ಹೋಗಿ ಬಾವಿಯ ಪಕ್ಕ ನೆಡುವುದೆಂದು ಮಾತಾಯಿತು. ಅನ್ನ ಸಾರು ಉಂಡು ಮಲಗಿದೆವು.

ಮೊದಲ ಬಸ್ಸು ನಮಗೆ ಸಿಕ್ಕಲಿಲ್ಲ. ನನ್ನನ್ನು ಎಬ್ಬಿಸಿದ್ದು ಬಾಗಿಲು ಬಡಿಯುವ ಸದ್ದು. ಕಿಟಕಿಯಲ್ಲಿ ಬಿಸಿಲು ಒಳಗೆ ಬಂದು ಗೋಡೆ ಹತ್ತಿತ್ತು. ಹೊರಗೆ ಪದ್ಮಮ್ಮನವರ ಗಾಬರಿಯ ದನಿ.

"ಏನ್ರೀ, ಎಂಟರ ಸೈರನ್ ಆಗ್ಲೇ ಕೂಗಿ ಆಯ್ತು! ಬಾಗಿಲಿಗೆ ನೀರಿಲ್ಲ, ರಂಗೋಲಿ ಇಲ್ಲ. ಏನಾಗಿದೆ ನಿಮ್ಮನೇಲಿ?"

ನಾನು ಏಳುವಷ್ಟರಲ್ಲಿ ಆಚೆ ಕೋಣೆಯಿಂದ, ನಿದ್ದೆ ಇನ್ನೂ ಬಿಡದ ದಪ್ಪ ದನಿಯಲ್ಲಿ, ಅತ್ತೆ ಉತ್ತರ ಕೊಟ್ಟರು.

"ಏನಾಗಿದೆ ಧಾಡಿ! ಮಲಗಿದ್ವಿ ಕಣ್ರೀ."